ಹುಟ್ಟು

ಐವತ್ತು ತುಂಬಿದ ಬೆಳಗ್ಗೆ ಪರದೆ ಸರಿಸಿದರೆ
ಅಂಗಳದಲ್ಲಿ ನಿಂತಿದ್ದಳು ಇನ್ನೊಬ್ಬಳು.
ನಮ್ಮ ಫ್ರೀಸ್‌ಲ್ಯಾಂಡಿನ ಕಡೆ ಹೀಗೇ:
ಐವತ್ತಾದ ಹೆಂಗಸಿನ ಮನೆ ಮುಂದೆ
ನೆರೆಯವರು ರಾತ್ರೋರಾತ್ರಿ
ಹುಲ್ಲು ತುಂಬಿದ ಮುದುಕಿಯನ್ನು ಕಟ್ಟಿ ನಿಲ್ಲಿಸುತ್ತಾರೆ,
ಸಾರಾ ಎಂದು ಹೆಸರಿಟ್ಟು.

ದಿಂಬಿನ ಮೋರೆ, ಪೊರಕೆಕೋಲಿನ ಬೆನ್ನು,
ಮೈಮೇಲೆ ನನ್ನದೇ ನೀಲಿ ಜಾಕೆಟ್ಟು,
ದೋಣಿ ಕ್ಲಬ್ಬಿನದು.
ಅಟ್ಟದಿಂದ ಕದ್ದು ಕೊಟ್ಟವನು ನನ್ನ ಗಂಡ ಡೌವ.
ಅವಳಿಗೆ ಜಿಪ್ಪು ಕತ್ತಿನವರೆಗೂ ಏರಿತ್ತು.
ಅದೊಂದು ಮಾತ್ರ ನನಗೆ ತಡೆಯಲಾಗಲಿಲ್ಲ.

ಸಂಜೆ ಕುರ್ಚಿಗಳನ್ನು ದುಂಡಗೆ ಹಾಕಿ ಕೂತರು.
ಡೌವನ ಕೈ ಕುಲುಕಿ ಅಭಿನಂದನೆ ಎಂದರು,
ಅತ್ತೆಯ ಕೈ ಕುಲುಕಿ ಅಭಿನಂದನೆ ಎಂದರು,
ನಾನು ಹುಟ್ಟಿದ್ದರಲ್ಲಿ ಅವರದೂ ಪಾಲಿರುವ ಹಾಗೆ.
ಕೆನೆಯ ಕೇಕಿನ ಮೂರನೇ ತುಂಡಿಗೆ
ಹುಟ್ಟುಹಬ್ಬ ವರ್ಷಕ್ಕೊಂದೇ ಎಂದೆ.
ಮರುದಿನ ಉಳಿದದ್ದಕ್ಕೂ
ಅದೇ ಮಾತು ಸಾಕಾಯಿತು.

ನಾನು ಸೇತುವೆ ಕಾಯುವವಳು.
ಗುಂಡಿ ಒತ್ತಿದರೆ ರಸ್ತೆ ಎದ್ದು ನಿಲ್ಲುತ್ತದೆ,
ನಾನು ಏಳುವುದಿಲ್ಲ.
ಗಾಳದ ಕೋಲಿಗೆ ಮರದ ಚಪ್ಪಲಿ ಕಟ್ಟಿ ಇಳಿಬಿಟ್ಟರೆ
ದೋಣಿಯವರು ಅದರೊಳಗೆ ಸುಂಕದ ಕಾಸು ಹಾಕುತ್ತಾರೆ.
ದೋಣಿಗೊಂದು ಬಿಸ್ಕತ್ತು, ನನ್ನ ಲೆಕ್ಕ.
ಬೇಸಿಗೆಯಲ್ಲಿ ದಿನಕ್ಕೆ ನಲವತ್ತು ದೋಣಿ.

ಹುಟ್ಟು ಹಾಕುವುದನ್ನು ಯಾಕೆ ಬಿಟ್ಟೆ?
ಹೇಳುವಂಥ ಕಥೆಯೇನಿಲ್ಲ.
ಒಂದು ಸೋಮವಾರ ಮಳೆ.
ಮುಂದಿನ ವಾರ ಮಗುವಿಗೆ ಜ್ವರ.
ಆಮೇಲೆ ಕಾರಣ ಕೇಳುವವರೇ ಇರಲಿಲ್ಲ.
ಹನ್ನೊಂದು ವರ್ಷ, ಬಾಗಿಲ ಮೇಲೆ ಬರೆದಿಟ್ಟ ಹಾಗೆ:
ನಾಳೆ ಬಾ.

ಒಂಬತ್ತನೇ ರಾತ್ರಿ ಗಾಳಿಗೆ ಸಾರಾ ಬಿದ್ದಳು,
ಮುಖ ಮಣ್ಣಿಗೆ, ಕೈ ಎರಡೂ ಚಾಚಿ.
ರಾತ್ರಿಯುಡುಪಿನಲ್ಲೇ ಹೋಗಿ ಜಿಪ್ಪು ಎಳೆದೆ,
ಹುಲ್ಲು ಕಿತ್ತೆ, ಹಿಡಿಹಿಡಿಯಾಗಿ.
ಒದ್ದೆ ಜಾಕೆಟ್ಟು ತೊಟ್ಟೆ.
ಹೊಕ್ಕುಳ ಹತ್ತಿರ ಬಂದು ನಿಂತುಬಿಟ್ಟಿತು ಜಿಪ್ಪು,
ಗಡಿಯಲ್ಲಿ ಕಾಗದ ಕೇಳುವ ಪೊಲೀಸಿನ ಹಾಗೆ.

ಹೋದೆ, ತೆರೆದೆದೆಯಲ್ಲೇ.
ಕ್ಲಬ್ಬಿನ ಟ್ಯಾಲಿಂಗ್ ಮುದುಕ
ಎಲ್ಲಿದ್ದೆ ಎಂದು ಕೇಳಲಿಲ್ಲ.
ಮಕ್ಕಳಿಗೆ ಕಲಿಸುವ ಅಗಲ ದೋಣಿಯನ್ನು
ನೀರಿಗೆ ತಳ್ಳಿ, ಮೂಗು ಒರೆಸಿಕೊಂಡ.
ಅವಮಾನ ಆಯಿತು. ಕೂತೆ. ದೋಣಿ ಅಲುಗಲಿಲ್ಲ,
ಆಗ ಅವನ ಮೇಲೆ ಪ್ರೀತಿ ಬಂತು.

ಮುನ್ನೂರು ಮೀಟರು.
ಅಂಗೈಯಲ್ಲಿ ನಾಲ್ಕು ಬೊಬ್ಬೆ,
ಸೊಂಟದಲ್ಲಿ ನನಗೇ ಗೊತ್ತಿರದ ಒಂದು ಕೀಲು.
ಮಂಗಳವಾರ ಹೋಗಲಿಲ್ಲ.
ಬುಧವಾರ ಹೋದೆ.
ಗುರುವಾರ ಅರ್ಧ ಕೇಕು ತಿಂದು
ಶುಕ್ರವಾರ ನಾಚಿಕೆಗೆ ಹೋದೆ.
ನಾಚಿಕೆಯೂ ದೋಣಿ ನಡೆಸುತ್ತದೆ, ಸ್ವಲ್ಪ ದೂರ.

ಹುಟ್ಟು ಹಾಕುವವರಿಗೆ ಹೋಗುವ ದಿಕ್ಕು ಬೆನ್ನ ಹಿಂದೆ.
ಕಣ್ಣಿಗೆ ಬೀಳುವುದೆಲ್ಲ ಬಿಟ್ಟು ಬಂದದ್ದು:
ಕ್ಲಬ್ಬಿನ ಕಟ್ಟೆ, ಕುರಿಗಳು, ಇಗರ್ಜಿಯ ಗೋಪುರ,
ಒಂದೊಂದು ಎಳೆತಕ್ಕೂ ಒಂದಿಷ್ಟು ಚಿಕ್ಕದಾಗುತ್ತ.
ಮುಂದೆ ಏನಿದೆ ಎಂದು ತಿಳಿಯಲು
ಕತ್ತು ಹೊರಳಿಸಬೇಕು. ನೋಯುತ್ತದೆ.
ಆದರೂ ಹೊರಳಿಸಬೇಕು.

ಏಪ್ರಿಲ್ಲಿನಲ್ಲಿ ನನ್ನದೇ ಸೇತುವೆಯ ಕೆಳಗೆ ಬಂದೆ.
ಅದರ ಹೊಟ್ಟೆಯನ್ನು ನೋಡಿದ್ದು ಎಷ್ಟೋ ಕಾಲದ ಮೇಲೆ:
ತುಕ್ಕು, ಜೇಡನ ಬಲೆ, ಯಾರೋ ಸುಣ್ಣದಲ್ಲಿ ಬರೆದ ಹೃದಯ,
ನೀರಿನ ಬೆಳಕು ಅದರ ಮೇಲೆ ಓಡಾಡುತ್ತ.
ಈಚೆ ಬರುತ್ತಲೇ ಮೂಗಿನ ಮುಂದೆ ಇಳಿಯಿತು ಮರದ ಚಪ್ಪಲಿ.
ಮೇಲೆ, ನನ್ನ ಕುರ್ಚಿಯಲ್ಲಿ, ಪಾಳಿಯ ಫೂಕ್ಯ:
"ಸುಂಕ, ಹಿಲ್ಟ್ಯ! ಯಾರಿಗೂ ಬಿಟ್ಟಿಯಿಲ್ಲ!"

ಹುಟ್ಟುದೋಣಿಗೆ ಸೇತುವೆ ಏಳಬೇಕಿಲ್ಲ, ಸುಂಕವೂ ಇಲ್ಲ.
ಅವಳಿಗೂ ಗೊತ್ತು.
ಆದರೂ ಜೇಬು ತಡಕಿದೆ.
ಕಾಸಿಲ್ಲ. ಬೆರಳಿಗೆ ಸಿಕ್ಕಿದ್ದು
ಸಾರಾಳ ಹೊಟ್ಟೆಯ ಮೂರು ಎಳೆ ಹುಲ್ಲು.
ಚಪ್ಪಲಿಯೊಳಗೆ ಇಟ್ಟೆ.

ಅದು ತೂಗುತ್ತ ಮೇಲೇರುವುದನ್ನು ನೋಡುತ್ತ
ಉಸಿರು ಬಿಟ್ಟು, ಎಳೆದೆ.
ಜಿಪ್ಪು ಇನ್ನೂ ನಾಲ್ಕು ಬೆರಳು ಬಾಕಿ.