ಆಳಿಗೊಂದು ಕಲ್ಲು

ಕಾಡಾದರೆ ಸುಲಭ. ಮರಕ್ಕೆ ಪಟ್ಟಿ ಬಿಗಿದು
ಮೊಣಕಾಲೆತ್ತರಕ್ಕೆ ಕಣ್ಣು ಕೂರಿಸಿ ಬಂದರಾಯಿತು.
ಸಾಸವಡದಾಚೆಯ ಈ ಬೋಳು ಬಯಲಲ್ಲಿ
ಕಟ್ಟುವುದು ಯಾವುದಕ್ಕೆ?
ಮೃಣ್ಮಯಿ ಆಪ್ಟೆ ಜೀಪಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿ
ನಾಲ್ಕು ಮೂಲೆಗೆ ನಾಲ್ಕು ಅಂಜೂರವಿಟ್ಟಳು, ಹಾರದ ಹಾಗೆ.
ಎರಡು ಕಿಲೋಮೀಟರಿಗೊಂದು ಚೌಕ, ಚೌಕಕ್ಕೊಂದು ಕ್ಯಾಮೆರಾ.
"ಹದಿನೇಳನೆಯದು ನಿನ್ನದು" ಎಂದಳು.

ನಿನ್ನದು ಎಂಬ ಮಾತಿಗೆ ನಾನು ಬೆಚ್ಚಿದ್ದು
ಅವಳಿಗೆ ಕಾಣಲಿಲ್ಲ.

ಇಲ್ಲಿ ನೆಟ್ಟಗೆ ನಿಂತದ್ದೆಂದರೆ ಕಲ್ಲುಗಳು ಮಾತ್ರ.
ಸುಣ್ಣ ಬಳಿದು ಕೆಂಪಗೆ ಅಂಕಿ ಬರೆದ ಮಂಡಿಯುದ್ದದ ಕಲ್ಲುಗಳು
ಹುಲ್ಲಿನೊಳಗಿಂದ ಸಾಲಾಗಿ ಎದ್ದಿವೆ,
ಮಗುವಿಗೆ ಹಲ್ಲು ಬಂದ ಹಾಗೆ.
ಪುಣೆಯ ಯಾವ ಯಾವುದೋ ಗಲ್ಲಿಯಿಂದ
ಭಾನುವಾರ ಜನ ಬಂದು ಒಂದೊಂದಕ್ಕೆ ಕುಂಕುಮವಿಟ್ಟು
ಕಾಯಿ ಒಡೆದು ಫೋಟೋ ತೆಗೆಸಿಕೊಂಡು ಹೋಗಿದ್ದಾರೆ.
"ಇದಕ್ಕೇ ಕಟ್ಟು" ಅಂದ ಭಿವಾ ಠೋಂಬರೆ.
ಅವನ ಕುರಿಗಳು ಮೈ ತಿಕ್ಕಿ ತಿಕ್ಕಿ
ಕಲ್ಲಿನ ಒಂದು ಮಗ್ಗುಲು ಆಗಲೇ ನುಣ್ಣಗಾಗಿತ್ತು.

ನಲವತ್ತೇಳಕ್ಕೆ ಕಟ್ಟಿದೆ.

ಮೂರು ವಾರಕ್ಕೆ ಕಾರ್ಡು ತೆಗೆದರೆ
ಎರಡು ಸಾವಿರದ ಚಿಲ್ಲರೆ ಚಿತ್ರ. ಹುಲ್ಲೇ ಹೆಚ್ಚು:
ಗಾಳಿಗೆ ತಲೆಯಾಡಿಸಿದ ಹುಲ್ಲು, ಆಡಿಸಿ ಸುಮ್ಮನಾದ ಹುಲ್ಲು,
ಮಟಮಟ ಮಧ್ಯಾಹ್ನ ಬಿಸಿಲಿಗೇ ಮೋಸಹೋಗಿ
ಯಂತ್ರ ಕ್ಲಿಕ್ಕಿಸಿದ ಬರೀ ಬಯಲು.
ಕುರಿಗಳ ಹಿಂಭಾಗ ನಾನೂರು. ಭಿವಾನ ಮೊಣಕಾಲು.
ಯಾರೋ ಗಂಡಸಿನ ಬೂಟು, ಪಕ್ಕದಲ್ಲಿ ಅಳತೆಯ ಟೇಪು;
ಎಡಗಾಲಿನ ಲೇಸು ಬೇರೆ ಬಣ್ಣದ್ದು.
ಮನುಷ್ಯರಿದ್ದರೆ ಅಳಿಸಬೇಕು, ಅದು ನಿಯಮ.
ಅಳಿಸಿದೆ.

ಮೊಲಕ್ಕೊಂದು ಗೀಟು. ಮುಂಗುಸಿಗೊಂದು. ಗುಳ್ಳೆನರಿಗೆರಡು.

ಆಮೇಲೆ ಎರಡು ಗಂಟೆ ಹದಿನಾಲ್ಕು ನಿಮಿಷ.
ಬಣ್ಣವಿಲ್ಲದ ಇರುಳಲ್ಲಿ ತೋಳ.
ಹಾಲುಣಿಸುವ ಒಡಲು, ಜೋತ ಮೊಲೆ,
ಬಾಯಲ್ಲಿ ಏನೋ ತೂಗುತ್ತಿದೆ.
ಹದಿನೈದಕ್ಕೆ ಬಾಯಲ್ಲಿದ್ದುದನ್ನು ಕೆಳಗಿಟ್ಟು ಕಲ್ಲು ಮೂಸಿದಳು.
ಉಣ್ಣೆ, ಕುಂಕುಮ, ನನ್ನ ಕೈ.
ಮತ್ತೊಂದು ಹದಿನೈದಕ್ಕೆ, ಸ್ವಲ್ಪ ತಿರುಗಿ,
ಕಲ್ಲಿನ ಬುಡಕ್ಕೆ ಉಚ್ಚೆ ಹೊಯ್ದಳು.
ನೋಂದಣಿ ಅಂದರೆ ಅಷ್ಟೇ.
ಹದಿನಾರಕ್ಕೆ ಹುಲ್ಲು.

ಭಿವಾನಿಗೆ ಫೋನಿನಲ್ಲಿ ತೋರಿಸಿದೆ. ಅಚ್ಚರಿಪಡಲಿಲ್ಲ.
"ಆ ಹಳ್ಳದ ದಂಡೆಯಲ್ಲಿ ನಾಲ್ಕು ಮರಿ ಇವೆ.
ಬಾಯಲ್ಲಿರುವುದು ನನ್ನದೇ. ಬರೆದುಕೊಳ್ಳಬೇಡ,
ಅದರ ಪಾಲು ಅದಕ್ಕೆ."
ಸ್ವಲ್ಪ ಬಿಟ್ಟು, "ನನ್ನ ಹೆಂಡತಿಗೂ ಹೇಳಬೇಡ."

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು.
ನಮ್ಮ ಕಡೆಯ ಈ ಗಾದೆಯನ್ನು ನನ್ನ ಹರಕು ಮರಾಠಿಯಲ್ಲಿ
ಅವನಿಗೆ ಹೇಳಹೋಗಿ ತಡವರಿಸಿದೆ.
"ಎಲ್ಲಿ ಬಿದ್ದಿದೆ?" ಎಂದ.
"ಹಳ್ಳದಲ್ಲೇ ಅಲ್ಲವೇ ಅದರ ಮನೆ?"

ನಾನು ಕಲ್ಲುಗಳನ್ನು ಎಣಿಸುತ್ತಿದ್ದೆ. ನೂರಾ ಹನ್ನೆರಡು.

ಹಡಪಸರದ ಮನೆ ತಲುಪಿದಾಗ ರಾತ್ರಿ ಒಂಬತ್ತು.
ಕಪಾಟಿನ ಕೆಳಗಿನ ಖಾನೆಯಲ್ಲಿ ಹಸಿರು ಫೈಲು,
ಅದರಲ್ಲಿ ಹನ್ನೊಂದು ಕಂತಿನ ರಸೀದಿ,
ಲೇಔಟಿನ ನಕ್ಷೆಯಲ್ಲಿ ಒಂದು ಚೌಕದೊಳಗೆ
ಮಗಳು ಪೆನ್ಸಿಲಿನಲ್ಲಿ ಬರೆದ ಉಯ್ಯಾಲೆ.
ಇದನ್ನು ನಾನು ಮೃಣ್ಮಯಿಗೆ ಹೇಳಿಲ್ಲ.
ಇವತ್ತಿನದನ್ನು ಜಯತೀರ್ಥನಿಗೂ.

ಅವನು ನಿದ್ದೆಹೋಗಿದ್ದ.
ಬಾಗಿಲ ಬಳಿ ಬೂಟು.
ಎಡಗಾಲಿನ ನೀಲಿ ಲೇಸಿಗೆ ಚುಚ್ಚಿಕೊಂಡಿದ್ದ ಹುಲ್ಲಿನ ಮುಳ್ಳನ್ನು
ಹೊಸಿಲ ಮೇಲೆ ಕೂತು ಒಂದೊಂದೇ ಕಿತ್ತೆ.
ಎಲ್ಲ ಬರಲಿಲ್ಲ.