ನೀಲಿ ಟೇಪಿನ ಟೀವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ
ನನ್ನ ಗಂಡ ಚೆನ್ನವೀರ
ಮುಂದಿನ ಕೋಣೆಯ ಗೋಡೆಗೆ ನೀಲಿ ಟೇಪು ಅಂಟಿಸಿದ್ದಾನೆ:
ಅರವತ್ತೈದು ಇಂಚು, ಮೂಲೆಯಿಂದ ಮೂಲೆಗೆ.
ಒಳಗೆ ಏನೂ ಇಲ್ಲ. ಬಾಡಿಗೆ ಮನೆಯ ಕೆನೆಬಣ್ಣ,
ಹಿಂದಿನವರು ಬಿಟ್ಟುಹೋದ ಒಂದು ಮೊಳೆಯ ತೂತು.

ಬ್ಯಾಲರಟ್‌ನಲ್ಲಿ ಚಳಿ ಬೇಗ ಬರುತ್ತದೆ.
ಬಸ್ಸನ್ನು ಡಿಪೋಗೆ ಸೇರಿಸಿ ಬಂದವನು
ಬೂಟು ಬಿಚ್ಚುವ ಮೊದಲು ತೆಗೆಯುವುದು
ಫ್ರಿಜ್ಜಿನ ಮೇಲಿನ ಗೆರೆ ಹಾಕಿದ ನೋಟುಬುಕ್ಕು.
ನವೆಂಬರ್, ಎರಡು ಸಾವಿರದ ನಾನೂರು ಡಾಲರು.
ಬಾಕ್ಸಿಂಗ್ ಡೇ, ಸಾವಿರದ ಒಂಬೈನೂರ ತೊಂಬತ್ತೈದು.
ಆ ದಿನ ಅಂಗಡಿಯ ತನಕ ಹೋಗಿ
ಕ್ಯೂನಲ್ಲಿ ನಿಂತು, ನಮ್ಮ ಸರದಿ ಬಂದಾಗ
ಒಂದು ಕೇಬಲ್ ಕೊಂಡು ಬಂದೆವು.
"ಇನ್ನೂ ಇಳಿಯುತ್ತೆ," ಅಂದ ಕಾರಿನಲ್ಲಿ,
"ತಾಳಿದವನು ಬಾಳಿಯಾನು."
ತಾಳುವುದು ನನಗೆ ಹೊಸದಲ್ಲ. ಹದಿನಾಲ್ಕು ವರ್ಷದ ಸಂಸಾರ.

ಮಗಳು ಇಬ್ಬನಿ ಟೇಪಿನ ಚೌಕದೊಳಗೆ ಪೆನ್ಸಿಲಲ್ಲಿ
ಹವಾಮಾನ ವರದಿ ಓದುವ ಹೆಂಗಸನ್ನು ಬರೆದಳು.
ಅಳಿಸು ಅಂದೆ; ಅರ್ಧ ಅಳಿಸಿದಳು.
ಈಗ ಕೈಯೊಂದು ಉಳಿದಿದೆ,
ನಾಳೆಯ ಮೋಡ ತೋರಿಸುತ್ತ.

ಪಕ್ಕದ ಮನೆಯ ನೊರೀನ್ ಪ್ಯಾಸ್ಕೋಗೆ ಎಂಬತ್ತಮೂರು.
ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ, ಅಂಥ ವಯಸ್ಸು.
ಅವಳಿಗೆ ಎರಡೂ ಕೇಳಿಸುವುದಿಲ್ಲ,
ಟೆಸ್ಟ್ ಮ್ಯಾಚಿನ ಸದ್ದು ಅಷ್ಟಿರುತ್ತದೆ.
ಕಣ್ಣಿನ ನಟ್ಟನಡುವೆ ಬೂದು ಬಿಲ್ಲೆಯೊಂದು ಕೂತಿದೆ;
ನೇರ ನೋಡಿದ್ದು ಮಾಯ, ಅಂಚಿನದ್ದಷ್ಟೇ ಉಳಿದದ್ದು.
ನನ್ನ ಮುಖ ಕಾಣಬೇಕೆಂದು
ನನ್ನ ಕಿವಿಯತ್ತ ನೋಡಿ ಮಾತಾಡುತ್ತಾಳೆ.

ಏಪ್ರಿಲ್‌ನ ಒಂದು ಮಂಗಳವಾರ ಫೋನು ಮಾಡಿ
ಎಪ್ಪತ್ತೈದು ಇಂಚಿನದ್ದನ್ನೇ ತರಿಸಿಬಿಟ್ಟಳು,
ಪೂರಾ ಬೆಲೆಗೆ, ಒಂದು ಡಾಲರೂ ಚೌಕಾಸಿ ಮಾಡದೆ.
ಗೋಡೆಗೆ ಕೂರಿಸಲು ಕರೆದದ್ದು ಇವನನ್ನು.
ಡ್ರಿಲ್ಲು ಹಿಡಿದು ಹೋದವನು ಬೆಲೆ ಕೇಳಿ
ಏಣಿಯ ಮೇಲೇ ಎದೆ ಹಿಡಿದುಕೊಂಡ.
"ಜೂನ್ ತನಕ ಕಾಯಬಾರದಿತ್ತೇ, ನೊರೀನ್?
ಲೆಕ್ಕದ ವರ್ಷ ಮುಗಿಯುತ್ತೆ, ಎಂಟುನೂರು ಇಳಿಯುತ್ತೆ."
ಅವಳು ಅವನ ಭುಜದಾಚೆ ಎಲ್ಲೋ ನೋಡುತ್ತ,
ಅಂದರೆ ಅವನನ್ನೇ ನೋಡುತ್ತ,
"ಜೂನಿಗೆ ನಂದೂ ಇಳಿಯುತ್ತಪ್ಪ," ಅಂದಳು.
"ಆ ಎರಡು ಸ್ಕ್ರೂ ಬಿಗಿ ಮಾಡು, ಟೀ ಆರ್ತಾ ಇದೆ."

ಹಚ್ಚಿದೆವು. ಯಾವುದೋ ಹಳೆಯ ಮ್ಯಾಚು.
ಹಸಿರು! ಅಷ್ಟು ಹಸಿರನ್ನು
ಆ ಕೋಣೆಯ ಕಾರ್ಪೆಟ್ಟು ಎಂದೂ ಕಂಡಿರಲಾರದು.
ಕುರ್ಚಿಯನ್ನು ಎಡಕ್ಕೆಳೆದು, ಪರದೆಗೆ ಓರೆಯಾಗಿ ಕೂತು
"ಬೌಲರ್ ಸಿಕ್ಕ," ಅಂದಳು.
"ಇವತ್ತು ಅವನಿಗೆ ಕಾಲೂ ಇದೆ."

ಜೂನ್ ಬಂತು. ಇಳಿಯಿತು. ಎಂಟುನೂರಲ್ಲ, ಒಂಬೈನೂರು.
ಹುಲ್ಲಿನ ಮೇಲೆ ಮಂಜು ಕರಕರ ಅನ್ನುವ ಹೊತ್ತಿಗೆ
ಚೆನ್ನವೀರ ಅವಳ ಅಂಚೆಡಬ್ಬಿಯಿಂದ
ಅಂಗಡಿಯ ಕರಪತ್ರ ಎಳೆದು, ಕೋಟಿನೊಳಗೆ ತುರುಕಿ
ಕಳ್ಳನ ಹಾಗೆ ಓಡಿ ಬಂದ.
ಅಡಿಗೆಮನೆಯಲ್ಲಿ ಬಿಡಿಸುವಾಗಲೇ ಹೊಳೆದದ್ದು,
ಅವಳಿಗೆ ಆ ಅಕ್ಷರ ಕಾಣುವುದಿಲ್ಲ ಎಂದು.
ಬಹಳ ಹೊತ್ತು ಕೂತ. ಕೆಟಲ್ ಕುದಿದು ತಾನೇ ನಿಂತಿತು.

ನಾನಂದುಕೊಂಡೆ, ಈಗ ಕೊಳ್ಳುತ್ತಾನೆ.
ಸಂಜೆ ಬಂದು ನೋಡಿದರೆ ಏಣಿ ಹತ್ತಿದ್ದಾನೆ.
ಹಳೆಯ ಟೇಪು ಕಿತ್ತಿದ್ದಾನೆ, ಜೊತೆಗೆ ಗೋಡೆಯ ಬಣ್ಣವೂ ಬಂದಿದೆ,
ಮನೆ ಬಿಡುವಾಗಿನ ಬಾಂಡ್ ದುಡ್ಡು ಗೋವಿಂದ.
ಹೊಸದು ಅಂಟಿಸುತ್ತಿದ್ದಾನೆ, ಎಪ್ಪತ್ತೈದು.
ಕೆಳಗೆ ಇಬ್ಬನಿ ಟೇಪಿನ ತುದಿ ಹಿಡಿದು ನಿಂತಿದ್ದಾಳೆ.
ನೋಟುಬುಕ್ಕಿನಲ್ಲಿ ಹೊಸ ಪುಟ, ಒಂದೇ ಸಾಲು,
ಮತ್ತೆ ಮೇಲಿನಿಂದ ಶುರುವಾದ ಮೊತ್ತ.

ಬಾಕ್ಸಿಂಗ್ ಡೇಯ ಕೇಬಲ್ಲು ಡ್ರಾಯರಿನಲ್ಲೇ ಇದೆ,
ಕವರು ಕೂಡ ಹರಿದಿಲ್ಲ.
ಅದರ ಬೆಲೆಯೂ ಇಳಿದಿದೆಯಂತೆ.