ನಲವತ್ತೊಂದನೆಯವರು

ತೊಂಗ್ಯೊಂಗ್ ಬಂದರಿನ ಹಿಂದಿನ ಓಣಿಯಲ್ಲಿ
ಬಿಸಿ ಶ್ಯಾವಿಗೆಯ ಅಂಗಡಿ.
ಬಾಗಿಲಲ್ಲೇ ಆಳೆತ್ತರದ ಯಂತ್ರ, ಗಾಜಿನ ಮುಖ.
ಏನು ಬೇಕೋ ಅದಕ್ಕೇ ಹೇಳಬೇಕು,
ಅಂದರೆ, ಒತ್ತಬೇಕು.

'ಕೆಳಗಿನ ಎಡಮೂಲೆ ಸತ್ತುಹೋಗಿದೆ' ಎಂದು
ಫೋನು ಮಾಡಿದ್ದ ಮಾಲೀಕ, ಪ್ಯೊ ದೊಕ್‌ಗು.
ಬುಸಾನಿನಿಂದ ಬಸ್ಸು ಹಿಡಿದು ಬಂದೆ,
ಚೀಲದಲ್ಲಿ ಸ್ಕ್ರೂಡ್ರೈವರು, ಒರೆಸುವ ಬಟ್ಟೆ,
ತಿನ್ನದೆ ಉಳಿದ ಅರ್ಧ ಬ್ರೆಡ್ಡು.

ಒತ್ತಿ ನೋಡಿದೆ. ಮೂಲೆ ಬದುಕೇ ಇತ್ತು.

ಬೆನ್ನಿನ ಮುಚ್ಚಳ ಬಿಚ್ಚಿ
ಒಳಗಿನ ದಿನಚರಿ ತೆರೆದೆ.
ಯಂತ್ರ ಯಾವುದನ್ನೂ ಮರೆಯುವುದಿಲ್ಲ;
ಓದುವವರಿಲ್ಲ, ಅಷ್ಟೆ.

ಮಂಗಳವಾರ, ಎರಡು ಗಂಟೆ ಹತ್ತು ನಿಮಿಷ. ಶುರು.
ಸ್ಪರ್ಶ. ಸ್ಪರ್ಶ ಸಿಗಲಿಲ್ಲ. ಸ್ಪರ್ಶ ಸಿಗಲಿಲ್ಲ.
ಮೂವತ್ತು ಸೆಕೆಂಡು. ಸಮಯ ಮೀರಿದೆ.
ಬುಧವಾರ, ಎರಡು ಹನ್ನೊಂದು. ಶುರು.
ಸಮಯ ಮೀರಿದೆ.
ಗುರುವಾರ ಒಂದು ಹೆಜ್ಜೆ ಮುಂದೆ:
ಶ್ಯಾವಿಗೆ, ಒಂದು ಬಟ್ಟಲು.
ಖಾರ ಬೇಕೆ, ಬೇಡವೆ?
ಸಮಯ ಮೀರಿದೆ.

ಹೀಗೆ ಹತ್ತೊಂಬತ್ತು ದಿನ.
ಯಾರೋ ಒಬ್ಬರು ದಿನಾ ಬಂದು
ಖಾರದ ಪ್ರಶ್ನೆಯ ಹೊಸ್ತಿಲಲ್ಲಿ ನಿಂತು
ಹಸಿದೇ ಹಿಂದಿರುಗಿದ್ದರು.
'ಹಾಗೆ ಯಾರೂ ಇಲ್ಲವಲ್ಲ' ಎಂದ ದೊಕ್‌ಗು,
ಅಡುಗೆಮನೆಯ ಹಬೆಯ ಆಚೆಯಿಂದ.

ಎರಡು ಹತ್ತಕ್ಕೆ ಬಂದರು.
ಮೊಣಕಾಲವರೆಗೆ ರಬ್ಬರು ಬೂಟು,
ಎದೆಯ ಮೇಲೆ ಸಿಂಪಿ ಕಾರ್ಖಾನೆಯ ಚೀಟಿ: ತಾಕ್ ಮಲ್‌ಸುನ್.
ಮಲ್ ಅಂದರೆ ಕೊನೆ.
ಇನ್ನು ಹೆಣ್ಣು ಸಾಕಪ್ಪಾ ಅನ್ನುವವರು ಇಡುವ ಹೆಸರು.
ಕೈಗವಸು ಕಳಚಿದರು.
ಐವತ್ತು ಚಳಿಗಾಲ ಸಿಂಪಿ ಬಿಡಿಸಿದ ಬೆರಳು,
ಗೆರೆಗಳೆಲ್ಲ ಚಿಪ್ಪಿನ ಅಂಚಿಗೆ ಸವೆದು
ಹೊಳೆಗಲ್ಲಿನ ನುಣುಪು.
ಗಾಜಿಗೆ ಬೇಕಾದದ್ದು ಮೈಯ ತೇವ.
ಒಣಗಿದ ಬೆರಳು ಅದರ ಲೆಕ್ಕದಲ್ಲಿ
ಬೆರಳೇ ಅಲ್ಲ, ಗಾಳಿ.

'ನಾನು ಒತ್ತಿಕೊಡಲಾ, ಅಜ್ಜಿ?'
ತಿರುಗಿಯೂ ನೋಡಲಿಲ್ಲ.
'ಒತ್ತೋದು ನನಗೆ ಬರುತ್ತೆ.
ಇದಕ್ಕೇ ಪುರುಸೊತ್ತಿಲ್ಲ.'

ಸೋಲಿನ ಕಚೇರಿ ಹೇಳುತ್ತದೆ:
ಸರಾಸರಿ ಗಿರಾಕಿಗೆ ಇಪ್ಪತ್ತೆರಡು ಸೆಕೆಂಡು ಸಾಕು.
ಇಪ್ಪತ್ತೆರಡು ಸೆಕೆಂಡಿನಲ್ಲಿ ಹಸಿವನ್ನು ವಿವರಿಸಿ ಮುಗಿಸುವ
ಆ ಸರಾಸರಿ ಮನುಷ್ಯನನ್ನು
ಒಂಬತ್ತು ವರ್ಷದ ಕೆಲಸದಲ್ಲಿ ನಾನೆಲ್ಲೂ ಕಂಡಿಲ್ಲ.
ಯಂತ್ರದ ಬೆನ್ನ ಹಿಂದೆ ಕೂತು
ಮೂವತ್ತರ ಪಕ್ಕ
ಸೊನ್ನೆಯೊಂದನ್ನು ಕೂರಿಸಿದೆ.

ಅವರು ನೋಟು ಎಣಿಸುವವರ ಹಾಗೆ
ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒತ್ತಿದರು.
ಗಾಜು ಮಿಣುಕಿತು.
ಖಾರ ಬೇಕೆ, ಬೇಡವೆ?
ಸೂರು ನೋಡಿದರು. ಬಾಗಿಲ ಆಚೆಯ ದೋಣಿಗಳನ್ನು ನೋಡಿದರು.
'ದೊಕ್‌ಗುನ ಅಮ್ಮ ಕೇಳ್ತಾನೇ ಇರಲಿಲ್ಲ. ಗೊತ್ತಿತ್ತು ಅವಳಿಗೆ.'
ಆಮೇಲೆ ಯಂತ್ರಕ್ಕೆ, ಮೆಲ್ಲಗೆ: 'ಬೇಡಪ್ಪಾ.'
ಸದಸ್ಯತ್ವ ಇದೆಯೆ? 'ಇಲ್ಲ.'
ಪಾಯಿಂಟು ಸೇರಿಸಲೆ? 'ಯಾಕೆ?'
ರಸೀದಿ ಬೇಕೆ? 'ಕೊಡು, ಕೊಡು.'
ಒಂದೊಂದಕ್ಕೂ ಬಾಯಲ್ಲೇ ಉತ್ತರ, ಆಮೇಲೆ ಬೆರಳಲ್ಲಿ,
ಕೇಳಿದವರಿಗೆ ಹೇಳದೆ ಇರುವುದು ಹೇಗೆ ಎಂಬಂತೆ.
ಹಿಂದೆ ನಿಂತ ಇಬ್ಬರು ಹುಡುಗರು
ನಿಟ್ಟುಸಿರು ಬಿಟ್ಟು ಬೇರೆ ಅಂಗಡಿಗೆ ಹೋದರು.

ರಸೀದಿ ಮಡಿಸಿ ಕೈಗವಸಿನೊಳಗೆ ಇಟ್ಟುಕೊಂಡರು.
'ನಲವತ್ತೊಂದನೆಯ ಅತಿಥಿಗಳೇ' ಎಂದು
ಯಂತ್ರ ಸವಿದನಿಯಲ್ಲಿ ಕರೆದಾಗ
ಹಾಜರಿ ಕೂಗಿದ ಹಾಗೆ ತಟ್ಟನೆ ಎದ್ದರು:
'ನಾನೇ.'

ವಾಪಸು ಬಸ್ಸಿನಲ್ಲಿ ಫೋನು ತೆಗೆದು ವರದಿ ತುಂಬಿದೆ.
ದೋಷ ಎಲ್ಲಿತ್ತು?
ಹಾರ್ಡ್‌ವೇರ್. ಸಾಫ್ಟ್‌ವೇರ್. ಬಳಕೆದಾರ.
ಮೂರರಲ್ಲಿ ಒಂದನ್ನು ಒತ್ತಲೇಬೇಕು.
ಬ್ರೆಡ್ಡು ತಿನ್ನುತ್ತ ಯೋಚಿಸಿದೆ.
ಸೇತುವೆ ಬಂತು, ಹೋಯಿತು.
ಪರದೆ ಮಸುಕಾಗಿ ಹೇಳಿತು:
ಸಮಯ ಮೀರಿದೆ.
ದಯವಿಟ್ಟು ಮೊದಲಿನಿಂದ ಶುರುಮಾಡಿ.